ಎತ್ತಿಟ್ಟ ಟೊಮೆಟೊ ಬೀಜದಿಂದ ಗಿಡ ಒಂದೊಂದು ಥರ ಬಂದಿದ್ದರೆ

ನಿಮ್ಮ ಮುಳಬಾಗಿಲಿನ ತೋಟದಲ್ಲಿ ಹೋದ ಸಲದ ಟೊಮೆಟೊ ಬೆಳೆ ಒಂದೇ ಸಮ ಇದ್ದು, ಅದರ ಹಣ್ಣಿನ ಬೀಜ ಹಾಕಿದಾಗ ಗಿಡ ಒಂದೊಂದು ಥರ ಬಂದಿವೆ ಅಂದರೆ ಆ ಬೆಳೆ ಹೈಬ್ರಿಡ್ (ಎರಡು ತಳಿ ಕೂಡಿಸಿ ಮಾಡಿದ್ದು) ಇರಬೇಕು. ಹಳೇ ಪ್ಯಾಕೆಟ್ ಮೇಲೆ ‘ಎಫ್‌1’, ಅಂದರೆ ಹೈಬ್ರಿಡ್‌ನ ಮೊದಲ ಪೀಳಿಗೆ, ಅಂತಿದೆಯಾ ನೋಡಿ. ಇಲ್ಲದಿದ್ದರೆ ಬೇರೆ ತಳಿಯ ಬೀಜ ಬೆರೆತಿರಬಹುದು.

ಹೈಬ್ರಿಡ್ ಗಿಡದ ಜೀನ್ ಜೋಡಿಯಲ್ಲಿ ಒಂದು ಆಲೀಲ್ (ಜೀನ್‌ನ ಒಂದು ರೂಪ) ತಂದೆ ತಳಿಯದು, ಇನ್ನೊಂದು ತಾಯಿ ತಳಿಯದು. ಟೊಮೆಟೊ ತನ್ನ ಹೂವಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತೆ, ಆಗ ಜೋಡಿ ಒಡೆದು ಹೊಸದಾಗಿ ಕೂಡುತ್ತೆ. ಎಲೆ ಮುದುರು ರೋಗ ತಡೆಯುವ ಆಲೀಲ್ ಒಂದೇ ಕಡೆಯಿಂದ ಬಂದಿದ್ದರೆ, ಸಾವಿರ ಸಸಿಯಲ್ಲಿ ಸುಮಾರು 250ಕ್ಕೆ ಅದು ಸಿಗೋದೇ ಇಲ್ಲ. ಮೂರು ಬೇರೆ ಬೇರೆ ಜೀನ್‌ಗಳ ಇಂಥ ಆಲೀಲ್ ಒಟ್ಟಿಗೆ ಬೇಕೆಂದರೆ ಸಿಗೋದು 64ರಲ್ಲಿ 27 ಗಿಡಕ್ಕೆ ಮಾತ್ರ.

ಈಗ ಮೊದಲ ಕೆಲಸ, ಎಲೆ ಮುದುರಿದ ಗಿಡ ಕಿತ್ತು ಹೂಳಿ, ಬಿಟ್ಟರೆ ಬಿಳಿನೊಣ ರೋಗವನ್ನು ಪಕ್ಕದ ಸಾಲಿಗೆ ದಾಟಿಸುತ್ತೆ. ಮುಂದಿನ ಬೆಳೆಗೆ ಈ ಬೀಜ ಬೇಡ. ಅರ್ಕಾ ರಕ್ಷಕ್ ಅನ್ನೋ ಟೊಮೆಟೊ ಹೈಬ್ರಿಡ್, ಅದಕ್ಕೆ ಪ್ರತಿ ಸಲ ಹೊಸ ಬೀಜವೇ ಬೇಕು. ಬೀಜ ಎತ್ತಿಟ್ಟುಕೊಳ್ಳೋ ಆಸೆಯಿದ್ದರೆ ಅರ್ಕಾ ವಿಕಾಸ್ ತಳಿ ಹಾಕಿ, ಅದು ಹೈಬ್ರಿಡ್ ಅಲ್ಲ.

ಈಗಿನದರಲ್ಲೇ ಒಂದು ಗಿಡ ತುಂಬಾ ಚೆನ್ನಾಗಿದ್ದರೆ ಅದರ ಬೀಜ ಬೇರೆಯಾಗಿಡಿ, ಪ್ರತಿ ಬೆಳೆಯಲ್ಲೂ ಒಳ್ಳೇದನ್ನೇ ಆರಿಸಿ. ಒಂದೊಂದು ಪೀಳಿಗೆಗೆ ಎರಡು ಬೇರೆ ಆಲೀಲ್ ಇರೋ ಜೋಡಿಗಳು ಅರ್ಧಕ್ಕಿಳಿಯುತ್ತವೆ, ಆರೇಳು ಪೀಳಿಗೆಗೆ ಸಮ ಬರುತ್ತೆ.