ಕರ್ಚೀಫು, ಕ್ಲೋರೋಫಾರ್ಮ್ ಮತ್ತು ಎರಡು ಸೆಕೆಂಡು

ರಾಣೆಬೆನ್ನೂರಿನ ಕೆಮಿಸ್ಟ್ರಿ ಮೇಷ್ಟ್ರಿಗೆ ನಮಸ್ಕಾರ.

ಸಿನಿಮಾ, ಧಾರಾವಾಹಿಗಳ ಕೆಮಿಸ್ಟ್ರಿ ನೋಡಿ ನಿಮಗೆ ತಲೆ ಕೆಡುತ್ತದೆ, 'ಮನರಂಜನೆಯಲ್ಲಿ ಪಾಠ ಹುಡುಕಬೇಡಿ ಅಪ್ಪಾ' ಅಂತ ಮಗಳು ಬೈಯುತ್ತಾಳೆ, ಯಾರು ಸರಿ ಅಂತ ಕೇಳಿದ್ದೀರಿ. ಅರ್ಧ ಮಗಳೇ ಸರಿ ಸಾರ್. ವಿಜ್ಞಾನಿಯ ಮೇಜಿನ ಮೇಲೆ ನೀಲಿ, ಹಸಿರು ನೀರು ಕೊತಕೊತ ಅನ್ನುತ್ತಾ ಹೊಗೆ ಬಿಡುತ್ತದಲ್ಲ, ಅದಕ್ಕೆ ಬಣ್ಣದ ಜೊತೆ ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ಹಾಕಿದರೆ ಸಾಕು. ನೋಡೋಕೆ ಚಂದ, ಯಾರಿಗೂ ನಷ್ಟವಿಲ್ಲ. ಬಿಟ್ಟುಬಿಡಿ.

ಆದರೆ ನೀವು ಬರೆದ ಕ್ಲೋರೋಫಾರ್ಮ್ ಕರ್ಚೀಫಿನ ವಿಷಯದಲ್ಲಿ ನಾನು ನಿಮ್ಮ ಕಡೆ. ಹಿಂದಿನಿಂದ ಬಂದು ಮೂಗಿಗೆ ಒತ್ತಿದ, ಎರಡು ಸೆಕೆಂಡಿಗೆ ಹುಡುಗಿ ಕುಸಿದಳು, ಮುಂದಿನ ಸೀನಿನಲ್ಲಿ ಗೋಡೌನಿನ ಕುರ್ಚಿಗೆ ಕಟ್ಟಿದ್ದಾರೆ, ಕಣ್ಣು ಬಿಟ್ಟ ಕೂಡಲೇ ಪಟಪಟ ಡೈಲಾಗ್! ನಿಜದಲ್ಲಿ ಎಚ್ಚರ ತಪ್ಪೋಕೆ ಹಲವು ನಿಮಿಷ ಬೇಕು. ಒದ್ದಾಡುವವಳನ್ನು ಖಳನಾಯಕ ಅಷ್ಟು ಹೊತ್ತು ಹಿಡಿದುಕೊಂಡಿದ್ದರೆ ಒಂದು ಜಾಹೀರಾತು ಬ್ರೇಕೇ ಮುಗಿದು ಹೋಗುತ್ತದೆ.

ಇದಕ್ಕಿಂತ ಜಾಸ್ತಿ ಸಿಟ್ಟು ಬರೋದು, ಅದನ್ನು ಸುಮ್ನೆ ನಿದ್ದೆ ಬರಿಸೋ ಔಷಧಿ ಅನ್ನೋ ಹಾಗೆ ತೋರಿಸುವುದಕ್ಕೆ. 1847ರಲ್ಲಿ ಎಡಿನ್‌ಬರೊದ ಡಾಕ್ಟರ್ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮನ್ನು ಹೆರಿಗೆ ನೋವಿಗೆ ಬಳಸಿದರು. 1848ರ ಜನವರಿಯಲ್ಲೇ ಇಂಗ್ಲೆಂಡಿನಲ್ಲಿ 15 ವರ್ಷದ ಹ್ಯಾನಾ ಗ್ರೀನರ್ ಸತ್ತಳು. ಕಾಲ್ಬೆರಳಿನ ಉಗುರು ತೆಗೆಯಲು ಬಟ್ಟೆಯ ಮೇಲೆ ಹಾಕಿ ಮೂಸಿಸಿದ್ದರು, ಡಾಕ್ಟರು ಪಕ್ಕದಲ್ಲೇ ಇದ್ದರು. ಮೊದಲು ನಿಲ್ಲೋದು ಉಸಿರೋ, ಹೃದಯವೋ ಅಂತ ಆಮೇಲೆ ದಶಕಗಟ್ಟಲೆ ಜಗಳ. ಅದನ್ನು ಬಗೆಹರಿಸೋಕೆ 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಸಮಿತಿ ಕೂತವು, ದುಡ್ಡು ನಿಜಾಮರದ್ದು. ಆಗ ಕಲಬುರಗಿ, ಬೀದರ್, ರಾಯಚೂರೂ ಅವರ ಸೀಮೆಯೇ, ಹಾಗಾಗಿ ನಮ್ಮವರ ಕಂದಾಯವೂ ಅದರಲ್ಲಿ ಒಂದಿಷ್ಟು ಸೇರಿರಬೇಕು. ನೂರಾರು ನಾಯಿಗಳ ಮೇಲೆ ಪ್ರಯೋಗ ಮಾಡಿ, ಉಸಿರಾಟ ನೋಡಿಕೊಂಡರೆ ಸಾಕು, ಹೃದಯಕ್ಕೆ ಭಯವಿಲ್ಲ ಅಂದರು.

ಭಯ ಇತ್ತು. ಅದನ್ನು 1911ರಲ್ಲಿ ತೋರಿಸಿದ್ದು ಇಂಗ್ಲೆಂಡಿನ ಡಾಕ್ಟರ್ ಎ. ಜಿ. ಲೆವಿ. ಕ್ಲೋರೋಫಾರ್ಮ್ ಅರೆಬರೆ ಏರಿರುವಾಗ ಮೈಯಲ್ಲಿ ಅಡ್ರಿನಾಲಿನ್ ಜಾಸ್ತಿಯಾದರೆ ಬಡಿತದ ಲಯ ತಪ್ಪಿ ಹೃದಯ ನಿಂತೇ ಹೋಗಬಹುದು. ಹೆದರಿ, ಬಿಡಿಸಿಕೊಳ್ಳೋಕೆ ಒದ್ದಾಡುವವರ ಮೈಯಲ್ಲಿ ಹರಿಯೋದು ಅದೇ ಅಲ್ವಾ? ಅಂದರೆ ನಿರ್ದೇಶಕರು ತೋರಿಸುವ ಆ ಸನ್ನಿವೇಶವೇ ಎಲ್ಲಕ್ಕಿಂತ ಅಪಾಯದ್ದು. ಗೋಡೌನಿನ ಸೀನು ಬರೋದೇ ಅನುಮಾನ.

ಮಗಳಿಗೆ ಇಷ್ಟು ಓದಿ ಹೇಳಿ. ಅವಳು ಏನಂದಳು ಅಂತ ಬರೆಯಿರಿ, ಅದನ್ನೂ ಹಾಕೋಣ.

– ಸಂ.