ಕಾಲರ್ ಮೇಲೆ ಸ್ಟಿಕ್ಕರ್, ಕಾಲಿನ ಮೇಲೆ ಸೊಳ್ಳೆ

ಓದುಗರ ಪ್ರಶ್ನೆಗಳಿಗೆ ನಿವೃತ್ತ ಹಿರಿಯ ಆರೋಗ್ಯ ಸಹಾಯಕಿಯೊಬ್ಬರ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ನನ್ನ ಮಗಳು ಯುಕೆಜಿ. ಅವಳ ಕ್ಲಾಸಿನ ತಾಯಂದಿರೆಲ್ಲ ಈಗ ಸೊಳ್ಳೆ ಪ್ಯಾಚ್ ತರಿಸುತ್ತಿದ್ದಾರೆ. ಕಾರ್ಟೂನ್ ಇರುವ ಸ್ಟಿಕ್ಕರ್, ಯೂನಿಫಾರ್ಮ್ ಮೇಲೆ ಅಂಟಿಸಿದರೆ ಸಾಕಂತೆ. ಪ್ಯಾಕೆಟ್ ಮೇಲೆ ‘ಕೆಮಿಕಲ್ ಇಲ್ಲ, ದಿನವಿಡೀ ರಕ್ಷಣೆ’ ಅಂತ ಬರೆದಿದೆ. ಹೋದ ಮಳೆಗಾಲದಲ್ಲಿ ಪಕ್ಕದ ಮನೆ ಹುಡುಗನಿಗೆ ಡೆಂಗಿ ಆಗಿತ್ತು. ಅದಕ್ಕೇ ಭಯ. ತಗೊಳ್ಳಲಾ? – ಒಬ್ಬ ತಾಯಿ, ದಾವಣಗೆರೆ

ಉತ್ತರ: ಅದೊಂದನ್ನೇ ನಂಬಿಕೊಂಡು ಮಗೂನ ಶಾಲೆಗೆ ಕಳಿಸೋದಾದರೆ ಬೇಡಮ್ಮ.

ಈ ಪ್ಯಾಚುಗಳಲ್ಲಿ ಹೆಚ್ಚಾಗಿ ಇರೋದು ಸಿಟ್ರೊನೆಲ್ಲಾ ಎಣ್ಣೆ, ಜೊತೆಗೆ ಕೆಲವದರಲ್ಲಿ ನೀಲಗಿರಿ ಎಣ್ಣೆ. ಸೊಳ್ಳೆಗೆ ಈ ವಾಸನೆ ಆಗಲ್ಲ, ಅದು ನಿಜ. ಆದರೆ ಸಿಟ್ರೊನೆಲ್ಲಾ ಮೈಗೇ ಹಚ್ಚಿಕೊಂಡರೂ ಬೇಗ ಆರಿಹೋಗುತ್ತದೆ, ಒಂದೆರಡು ಗಂಟೆ ನಿಂತರೆ ಹೆಚ್ಚು. ಇನ್ನು ಎರಡು ರೂಪಾಯಿ ನಾಣ್ಯದಷ್ಟು ಬಟ್ಟೆಚೂರಿಗೆ ಹಾಕಿದ್ದು ಸಂಜೆ ತನಕ ಎಲ್ಲಿಂದ ಬರಬೇಕು?

ಸೊಳ್ಳೆ ಹತ್ತಿರ ಬರೋದು ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈ ಬಿಸಿ, ಬೆವರಿನ ವಾಸನೆ ಹಿಡಿದು. ಚರ್ಮದ ಯಾವ ಭಾಗಕ್ಕೆ ಔಷಧ ಹಚ್ಚಿದ್ದೀರೋ ಅಲ್ಲಿ ಕೂರಲ್ಲ. ಪಕ್ಕದಲ್ಲೇ ಹಚ್ಚದೆ ಬಿಟ್ಟ ಜಾಗ ಸಿಕ್ಕಿತೋ, ಅಲ್ಲೇ ಊಟ ಮುಗಿಸುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗಂತೂ ಕಾಲು ಅಂದರೆ ಬಲು ಇಷ್ಟ. ನಮ್ಮ ಬೀದಿಯ ಮಗುವೊಂದು ಕಾಲರ್ ಮೇಲೆ ಕರಡಿ ಸ್ಟಿಕ್ಕರ್ ಅಂಟಿಸಿಕೊಂಡು ಆಟೋಗೆ ಕಾಯುತ್ತಿತ್ತು. ಬಗ್ಗಿ ನೋಡಿದರೆ ಕಾಲಿಗೆ ಬಿಳಿ ಪಟ್ಟೆ ಇರುವ ಸೊಳ್ಳೆ, ತೆಳು ಸಾಕ್ಸ್ ಮೇಲಿಂದಲೇ ಮೂತಿ ಚುಚ್ಚಿ ಕೂತಿತ್ತು, ಹೊಟ್ಟೆ ಆಗಲೇ ಕೆಂಪಗೆ. ಮೇಲೆ ಕರಡಿ ನಗುತ್ತಲೇ ಇತ್ತು!

ಕೈಗೆ ಹಾಕುವ ಸೊಳ್ಳೆ ಬ್ಯಾಂಡ್ ಕೂಡ ಇದೇ ಜಾತಿ. ಅಮೆರಿಕದ ನ್ಯೂ ಮೆಕ್ಸಿಕೋ ಸ್ಟೇಟ್ ಯೂನಿವರ್ಸಿಟಿಯವರು 2017ರಲ್ಲಿ ಇಂಥ ಬ್ಯಾಂಡುಗಳನ್ನು ಇದೇ ಈಡಿಸ್ ಸೊಳ್ಳೆ ಮೇಲೆ ಪರೀಕ್ಷೆ ಮಾಡಿದರು. ಬ್ಯಾಂಡ್ ಕಟ್ಟಿದರೂ ಒಂದೇ, ಬಿಟ್ಟರೂ ಒಂದೇ. ಸದ್ದಿನಿಂದ ಸೊಳ್ಳೆ ಓಡಿಸುತ್ತದೆ ಅನ್ನೋ ಕುಂಯ್‌ಗುಡುವ ಯಂತ್ರಕ್ಕೂ ಅದೇ ಗತಿ. ಡೀಟ್ ಅನ್ನೋ ಸೊಳ್ಳೆ ನಿವಾರಕ ಇರುವ, ಮೈಗೆ ಹೊಡೆಯುವ ಸ್ಪ್ರೇ ಕೆಲಸ ಮಾಡಿತ್ತು.

ಹಾಗಾಗಿ ದುಡ್ಡು ಹಾಕೋದಾದರೆ ಮುಲಾಮಿಗೋ ಲೋಶನ್‌ಗೋ ಹಾಕಿ. ಡೀಟ್, ಪಿಕಾರಿಡಿನ್, ಐಆರ್3535, ಇವುಗಳಲ್ಲಿ ಒಂದರ ಹೆಸರು ಲೇಬಲ್ ಮೇಲೆ ಇದೆಯಾ ನೋಡಿ. ಶಾಲೆಗೆ ಹೊರಡುವಾಗ ಪಾದ, ಮೊಣಕಾಲ ಕೆಳಗೆ, ಕೈ, ಕತ್ತಿನ ಹಿಂದೆ ತೆಳುವಾಗಿ ಹಚ್ಚಿ. ಅಂಗೈಗೆ ಬೇಡ, ಮಕ್ಕಳು ಬೆರಳು ಬಾಯಿಗೆ ಇಟ್ಟುಕೊಳ್ಳುತ್ತಾರೆ. ಕಣ್ಣಿನ ಹತ್ತಿರ, ಗಾಯದ ಮೇಲೂ ಬೇಡ. ಮನೆಗೆ ಬಂದ ಮೇಲೆ ಸೋಪು ಹಾಕಿ ತೊಳೆಯಿರಿ. ಮನೆಯಲ್ಲಿ ಎರಡು ತಿಂಗಳೊಳಗಿನ ಕೂಸು ಇದ್ದರೆ ಅದಕ್ಕೆ ಇವು ಯಾವುದೂ ಬೇಡ, ಸೊಳ್ಳೆ ಪರದೆ ಸಾಕು. ಮಗಳು ಸ್ಟಿಕ್ಕರ್‌ಗಾಗಿ ಹಟ ಮಾಡಿದರೆ ಕೊಡಿಸಿ, ಆದರೆ ಬಟ್ಟೆ ಮೇಲೆ ಇರಲಿ, ಚರ್ಮದ ಮೇಲೆ ಅಲ್ಲ. ಕಿತ್ತು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಮಾತ್ರ ಸ್ಟಿಕ್ಕರ್ ಬೇಡವೇ ಬೇಡ.

ಇನ್ನೊಂದು ಮಾತು. ಪಕ್ಕದ ಮನೆಗೆ ಡೆಂಗಿ ಬಂದಿತ್ತು ಅಂದಿರಲ್ಲ, ಈಡಿಸ್ ದೂರದಿಂದ ಹಾರಿ ಬರೋ ಸೊಳ್ಳೆ ಅಲ್ಲ. ನಿಮ್ಮ ಬೀದಿಯಲ್ಲೇ ಹುಟ್ಟಿರುತ್ತದೆ. ಲಾರ್ವಾ ಸರ್ವೆಗೆ, ಅಂದರೆ ನೀರಲ್ಲಿ ಸೊಳ್ಳೆ ಮರಿಹುಳ ಹುಡುಕೋಕೆ ಹೋದಾಗ ನಾವು ಮೊದಲು ನೋಡುತ್ತಿದ್ದದ್ದು ಚರಂಡಿ ಅಲ್ಲ, ಫ್ರಿಜ್ ಹಿಂದಿನ ಟ್ರೇ. ಆಮೇಲೆ ಹಿತ್ತಲಲ್ಲಿ ಮೂಲೆಗೆ ಬಿದ್ದ ಒರಳುಕಲ್ಲು. ರುಬ್ಬೋರು ಯಾರೂ ಇಲ್ಲ, ಗುಂಡಿ ತುಂಬಾ ಮಳೆನೀರು. ಟಾರ್ಚ್ ಬಿಟ್ಟರೆ ಸಾಕು, ನೇತಾಡುತ್ತಿದ್ದ ಹುಳ ಎಲ್ಲ ಕೊಂಕುತ್ತಾ ತಳಕ್ಕೆ ಓಡುತ್ತಿದ್ದವು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಬೇಕು. ಅದಕ್ಕೇ ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿ ಖಾಲಿ ಮಾಡಿ ಅನ್ನೋದು. ಸುಮ್ನೆ ನೀರು ಚೆಲ್ಲಿದರೆ ಆಗಲ್ಲ. ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತವೆ, ಬ್ರಷ್ ಹಾಕಿ ಉಜ್ಜಬೇಕು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟೋಕೆ ಬಿಟ್ಟವರಿಗೆ ದಂಡ ಅಂತಲೂ ಮಾಡಿತು. ಶಾಲೆಯ ಸಿಂಟೆಕ್ಸ್ ಟ್ಯಾಂಕಿಗೆ ಮುಚ್ಚಳ ಇದೆಯಾ ಅಂತ ಪೋಷಕರ ಸಭೆಯಲ್ಲಿ ಕೇಳಿ. ಮುಜುಗರ ಬೇಡ, ಅಲ್ವಾ?

ಪ್ರಶ್ನೆ: ನಾವು ಸೊಪ್ಪು, ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರು. ಈ ಪ್ಯಾಚ್ ಹಾಕಿಕೊಂಡರೆ ಉಣುಗು ಹತ್ತೋದು ತಪ್ಪುತ್ತಾ? – ಓದುಗರು, ತೀರ್ಥಹಳ್ಳಿ

ಉತ್ತರ: ಇಲ್ಲಣ್ಣ. ಉಣುಗು ಹಾರಿ ಬರಲ್ಲ, ದರಗಿನಿಂದ ಕಾಲು ಹತ್ತಿ ಮೇಲೆ ಬರುತ್ತದೆ. ಅಂಗಿಗೆ ಅಂಟಿಸಿದ ವಾಸನೆ ಅದಕ್ಕೆ ಯಾವ ಲೆಕ್ಕ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಹರಡೋದು ಉಣುಗಿನಿಂದಲೇ, ಅದು ನಿಮ್ಮ ಕಡೆಯಿಂದ ಇನ್ನೂ ತೊಲಗಿಲ್ಲ. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲ ಕೊಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸೇರಿಸಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ, ಮೈಕೈ ನೋವು ಬಂದರೆ ಮನೇಲಿ ಮಾತ್ರೆ ನುಂಗಿ ಮಲಗಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ.