ಮದ್ದಿಗೂ ಮೊದಲು ಲೆಕ್ಕ

ಓದುಗರೊಬ್ಬರ ಪತ್ರ: “ತಾಯಿ–ಮಗುವಿನ ಆರೋಗ್ಯ ನೀತಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಪುಟಗಟ್ಟಲೆ ಬರೆದಿದ್ದೀರಿ. ಬಾಣಂತಿಯರ ಜೀವ ಉಳಿಸಿದ್ದು ಔಷಧಿ. ಸರ್ಕಾರಿ ಕಾಗದಕ್ಕೆ ಇಷ್ಟೊಂದು ಮರ್ಯಾದೆ ಯಾಕೆ?”

ಸಂಪಾದಕರ ಉತ್ತರ: ನಿಮ್ಮ ಮಾತು ಅರ್ಧ ನಿಜ ಅಂತ ಮೊದಲೇ ಒಪ್ಪಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಸೂಲಗಿತ್ತಿಯರ ಕಾಯ್ದೆ 1902ರಲ್ಲೇ ಬಂತು. ಆದರೂ ಬಾಣಂತಿಯರ ಸಾವು ಭರ್ರನೆ ಇಳಿದದ್ದು 1930ರ ದಶಕದ ನಡುವೆ, ಬಾಣಂತಿ ನಂಜಿಗೆ ಸಲ್ಫಾ ಮದ್ದು ಸಿಕ್ಕ ಮೇಲೆ.

ಇನ್ನರ್ಧಕ್ಕೆ ಸ್ವೀಡನ್‌ಗೆ ಹೋಗೋಣ. 1749ರಿಂದ ಅಲ್ಲಿ ಪಾದ್ರಿಗಳು ತಮ್ಮ ಊರಿನ ಹುಟ್ಟು–ಸಾವಿನ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸಬೇಕಾಯಿತು. 1751ರಲ್ಲಿ ವೈದ್ಯರ ಮಂಡಳಿ ಅದನ್ನು ಮುಂದಿಟ್ಟುಕೊಂಡು ಒಂದು ಮಾತು ಹೇಳಿತು: ಹೆರಿಗೆಯಲ್ಲಿ ಸತ್ತ 651 ಹೆಂಗಸರಲ್ಲಿ 400 ಮಂದಿಯಾದರೂ, ಸಾಕಷ್ಟು ಸೂಲಗಿತ್ತಿಯರಿದ್ದಿದ್ದರೆ ಬದುಕುತ್ತಿದ್ದರು. ಹಣೆಬರಹ ಅಂದುಕೊಂಡಿದ್ದ ಸಾವಿಗೆ ಕಾರಣ ಸಿಕ್ಕಿತು. ಸಿಕ್ಕಿದ್ದು ಪಟ್ಟಿಯಲ್ಲಿ, ಸೀಸೆಯಲ್ಲಲ್ಲ.

ಅಮೆರಿಕದಲ್ಲಿ ಇದಕ್ಕೆ 1912 ಆಗಬೇಕಾಯಿತು. ಆ ವರ್ಷ ಮಕ್ಕಳ ಬ್ಯೂರೋ ಎಂಬ ಸರ್ಕಾರಿ ಕಚೇರಿ ಶುರುವಾಯಿತು, ಮುಖ್ಯಸ್ಥೆ ಜೂಲಿಯಾ ಲೇಥ್ರಾಪ್. ಮರುವರ್ಷ ಬ್ಯೂರೋದ ಮಹಿಳೆಯರು ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಎಂಬ ಉಕ್ಕಿನ ಊರಿನಲ್ಲಿ ಮನೆ ಮನೆ ಬಾಗಿಲು ತಟ್ಟಿದರು. 1911ರಲ್ಲಿ ಹೆತ್ತ ತಾಯಂದಿರನ್ನು ಕೇಳಿದರು: ಕೂಸು ಇದೆಯಾ? ಏನು ಹಾಲು ಕುಡಿಸಿದಿರಿ? ಮನೆಯಲ್ಲಿ ನಲ್ಲಿ ಇದೆಯಾ? ಗಂಡನ ಸಂಬಳ ಎಷ್ಟು? ಕೊನೆಯ ಪ್ರಶ್ನೆಯೇ ಗುಟ್ಟು ಬಿಡಿಸಿತು. ಅಪ್ಪನ ದುಡಿಮೆ ಕಡಿಮೆಯಾದಷ್ಟೂ ಕೂಸುಗಳ ಸಾವು ಜಾಸ್ತಿ. ಅಲ್ಲಿಯವರೆಗೆ ‘ತಾಯಿಗೆ ತಿಳಿವಳಿಕೆ ಸಾಲದು’ ಅಂತ ಬೈದುಕೊಂಡೇ ಕಾಲ ಕಳೆದಿದ್ದರು!

1921ರಲ್ಲಿ, ತಾಯಿ–ಮಗುವಿನ ಆರೋಗ್ಯಕ್ಕೆ ಸರ್ಕಾರದ ಹಣ ಕೊಡುವ ಷೆಪರ್ಡ್–ಟೌನರ್ ಕಾಯ್ದೆ ಬಂತು. ನರ್ಸುಗಳು ಹಳ್ಳಿ ಮನೆಗಳಿಗೂ ಹೋದರು. ವೈದ್ಯರ ಸಂಘವೇ ವಿರೋಧಿಸಿತು, 1929ಕ್ಕೆ ಹಣ ನಿಂತುಹೋಯಿತು. (ಆ ಜಗಳ ಇನ್ನೊಮ್ಮೆ ಬರೆಯುತ್ತೇನೆ.)

ಈಗ ನಿಮ್ಮ ಔಷಧಿಗೇ ವಾಪಸ್ ಬರುತ್ತೇನೆ. 1985ರ ಹೊತ್ತಿಗೆ ನಂಜಿಗೆ ಮದ್ದು ಬಂದು ಅರ್ಧ ಶತಮಾನವಾಗಿತ್ತು. ರಕ್ತ ಕೊಡುವುದೂ ಗೊತ್ತಿತ್ತು, ಸಿಸೇರಿಯನ್ನೂ ಗೊತ್ತಿತ್ತು. ಆದರೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಹೆಂಗಸರು ಬಸಿರು–ಹೆರಿಗೆಯಲ್ಲಿ ಸಾಯುತ್ತಿದ್ದರು. ‘ತಾಯಿ–ಮಗು’ ಯೋಜನೆಗಳು ಮಗುವನ್ನು ತೂಗುತ್ತಿದ್ದವು, ಲಸಿಕೆ ಹಾಕುತ್ತಿದ್ದವು. ಹೆಸರಿನಲ್ಲಿ ಮೊದಲಿದ್ದ ತಾಯಿಯೇ ಕೆಲಸದಲ್ಲಿ ಕಾಣೆ. ಆ ವರ್ಷ ರೋಸೆನ್‌ಫೀಲ್ಡ್ ಮತ್ತು ಮೇನ್ ಎಂಬಿಬ್ಬರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ‘ಇದರಲ್ಲಿ ತಾಯಿ ಎಲ್ಲಿ?’ ಅಂತ ಕೇಳಿದರು. ಎರಡು ವರ್ಷಕ್ಕೆ, 1987ರಲ್ಲಿ, ನೈರೋಬಿಯಲ್ಲಿ ದೇಶದೇಶಗಳವರು ಸೇರಿದರು. ಮಾತಾಡಿದ್ದು ತಾಯಂದಿರ ಬಗ್ಗೆ.